ಬಾಲ: ಇಲ್ಲ

ಮೂರನೇ ಪಾಳಿ ಇನ್ನೂ ಕೆಳಗಿರುವಾಗ
ನಾವು ಮೇಲೆ ಹತ್ತುತ್ತೇವೆ,
ಹಟ್ಟಿಯ ಪಾಳುಬಿದ್ದ ಕ್ವಾರ್ಟರ್ಸಿನ ಮಾಳಿಗೆಗೆ.
ಮೂವರು. ಒಂದು ದುರ್ಬೀನು,
ಅದಕ್ಕೆ ಡ್ರಿಲ್ ರಾಡಿನ ಒಂಟಿಕಾಲು.

ಗದ್ದೆಪ್ಪನ ಹಳೇ ತಲೆದೀಪಕ್ಕೆ
ಶಂಶಾದ್ ಟೀಚರು ಕೆಂಪು ಜಿಲೇಟಿ ಸುತ್ತಿದ್ದಾರೆ,
ಬಳೆಯಂಗಡಿಯಿಂದ ತಂದದ್ದು.
ಆ ಕೆಂಪಿನಲ್ಲಿ ನನ್ನ ಅಕ್ಷರ
ಬೇರೆ ಯಾರದೋ ಅನಿಸುತ್ತದೆ.
ಬರೆದುಕೊಳ್ಳುವವನು ನಾನು, ಝೆರಾಕ್ಸ್ ಅಂಗಡಿಯ ಮೌನೇಶ,
ಹಗಲೆಲ್ಲ ಇದ್ದದ್ದನ್ನು ಇದ್ದ ಹಾಗೇ ತೆಗೆದುಕೊಡುವವನು.

ಈಶಾನ್ಯಕ್ಕೆ, ಅಭಿಜಿತ್ ನಕ್ಷತ್ರದ ಬಲಕ್ಕೆ ಒಂದು ಗೇಣು.
ನೇರ ನೋಡಿದರೆ ಸಿಗುವುದಿಲ್ಲ.
ಓರೆಗಣ್ಣಲ್ಲಿ ನೋಡಬೇಕು,
‘ಸಾಲ ಕೊಟ್ಟಾವನ್ನ ಸಂತ್ಯಾಗ ನೋಡಿದಂಗ’
ಎನ್ನುತ್ತಾನೆ ಗದ್ದೆಪ್ಪ.

ಅದರ ಮಸುಕನ್ನು ಮನಸ್ಸಿನಲ್ಲಿ ಹಿಡಿದುಕೊಂಡು
ದುರ್ಬೀನನ್ನು ಪಕ್ಕದ ಚುಕ್ಕಿಗೆ ತಿರುಗಿಸಿ
ಫೋಕಸ್ ಕೆಡಿಸಬೇಕು.
ಕೆಡಿಸುತ್ತ ಕೆಡಿಸುತ್ತ ಆ ಚುಕ್ಕಿಯೂ
ಅಷ್ಟೇ ಅಗಲದ ಹಿಂಜಿದ ಹತ್ತಿಯಾದಾಗ
ಯಾವುದು ಹೆಚ್ಚು ಬೆಳ್ಳಗೆಂದು ತೂಗಬೇಕು.
ಚೊಕ್ಕವಾಗಿರುವುದನ್ನು ಕೆಡಿಸಿಯೇ
ಮಸುಕಿಗೊಂದು ಅಳತೆ.
ಇಷ್ಟು ಕಲಿಯಲು ನನಗೆ ಎರಡು ಚಳಿಗಾಲ ಹಿಡಿಯಿತು.

ನಡು ಎಷ್ಟು ಗಟ್ಟಿ? ಅದಕ್ಕೂ ಅಂಕಿ ಇದೆ.
ಒಂಬತ್ತೆಂದರೆ ಸೂಜಿಮೊನೆ.
ಐದು, ಮಜ್ಜಿಗೆಯಲ್ಲಿ ಬೆಣ್ಣೆಯ ಕಣ್ಣು.
ಸೊನ್ನೆಯೆಂದರೆ ಬೆಳಕಿದೆ, ನಡುವಿಲ್ಲ.
ಬರೆಯುವ ಮುಂಚೆ ಬಾಯಿಬಿಡಬಾರದು, ಇದು ಟೀಚರ ಕಾನೂನು.
ಗದ್ದೆಪ್ಪ ಏಳೂಮುಕ್ಕಾಲು, ಟೀಚರು ಎಂಟೂಕಾಲು,
ನಾನು ಎಂಟು.
ಸರಾಸರಿ ತೆಗೆಯೋಣವೆಂದೆ.
‘ಮೂರು ಜೋಡಿ ಕಣ್ಣು, ಮೂರು ಸಾಲು. ಬರ್ಕೋ’ ಎಂದರು.

ಟೀವಿಯಲ್ಲಿ ಬಂತಂತೆ.
ಒಂದು ರಾತ್ರಿ ನಲವತ್ತು ಮಂದಿ, ಕಂಬಳಿ, ಕೂಸು, ಚುರುಮುರಿ.
‘ಬಾಲ ಎಲ್ಲದರೀ?’
ವಹಿಯಲ್ಲಿ ಅದಕ್ಕೊಂದು ಖಾನೆಯೇ ಇದೆ. ಬಾಲ: ಇಲ್ಲ.
‘ಇದಕ್ಕ ನಿದ್ದಿ ಕೆಡಿಸಿದ್ರ್ಯಾ?’
ಎಲ್ಲರೂ ಇಳಿದ ಮೇಲೆ ಕ್ಯಾಂಟೀನಿನ ದುರುಗಮ್ಮ
ಬಹಳ ಹೊತ್ತು ಕಣ್ಣಿಟ್ಟು ನಿಂತಳು.
‘ಕನ್ನಡಿ ಮ್ಯಾಲ ಯಾರೋ ಉಸರು ಬಿಟ್ಟಂಗ ಅದ.’
ಷರಾ ಖಾನೆಯಲ್ಲಿ ಅದನ್ನೂ ಬರೆದೆ,
ಆಕೆಯ ಹೆಸರಿನೊಂದಿಗೆ.

ಪಾಡ್ಯಕ್ಕೆ ಐದಿತ್ತು. ಚೌತಿಗೆ ನಾಲ್ಕು.
ಅಷ್ಟಮಿಗೆ ಎರಡು, ಉದ್ದಕ್ಕೆ ಎಳೆದಂತೆ,
ಯಾರೋ ಬೆರಳಿನಿಂದ ಒರೆಸಿದಂತೆ.
ಒಡೆಯುತ್ತಿರಬಹುದು ಎಂದರು ಟೀಚರು,
ಸೂರ್ಯನ ಹತ್ತಿರ ಹೋಗುವ ಧೈರ್ಯವಷ್ಟೇ ಇತ್ತು,
ಮೈಯಲ್ಲಿ ಕಸುವಿರಲಿಲ್ಲ.
ಏಕಾದಶಿಗೆ ಸೊನ್ನೆ.

ತ್ರಯೋದಶಿಗೆ ಚಂದ್ರ ಮುಳುಗುವತನಕ ಕಾದೆವು.
ಸರದಿಯಲ್ಲಿ ಮೂವರೂ ನೋಡಿದೆವು.
‘ಇಲ್ಲ’ ಎಂದು ಬರೆಯಹೊರಟೆ.
ಗದ್ದೆಪ್ಪ ಪೆನ್ನು ಕಸಿದುಕೊಂಡ.

ಮೂವತ್ತೊಂದು ವರ್ಷ ಲ್ಯಾಂಪ್ ರೂಮಿನಲ್ಲಿದ್ದವನು.
ಹಿತ್ತಾಳೆ ಬಿಲ್ಲೆ ಇಸಕೊಂಡು ದೀಪ ಕೊಡುವುದು,
ದೀಪ ಇಸಕೊಂಡು ಬಿಲ್ಲೆ ಕೊಡುವುದು.
‘ಮಳಿಗೆ ಬಿಲ್ಲಿ ಜೋತಾಡ್ತಿದ್ರ
ಮನಿಶ್ಯಾ ಇಲ್ಲ ಅಂತ ಬರಿಯಂಗಿಲ್ಲಪ.
ಇನ್ನಾ ಮ್ಯಾಲ ಬಂದಿಲ್ಲ ಅಂತ ಬರೀಬೇಕು.’
ಒಮ್ಮೆ ಹದಿನೇಳು ತಾಸು ಒಂದೇ ಬಿಲ್ಲೆ ನೋಡುತ್ತ ಕೂತಿದ್ದನಂತೆ,
ನಂಬರು ಈಗಲೂ ನೆನಪಿದೆ, ಹೇಳಿದ.
ಆಮೇಲೆ ಏನಾಯಿತೆಂದು ಹೇಳಲಿಲ್ಲ.
ನಾವು ಕೇಳಲಿಲ್ಲ.

ಹಾಗಾಗಿ ಆ ಜಾಗದ ಸುತ್ತ
ಕಂಡೂ ಕಾಣದಂಥ ಒಂದು ಚುಕ್ಕಿ ಹುಡುಕಿದೆವು,
ಹೆಸರಿಲ್ಲದ್ದು, ನಂಬರಷ್ಟೇ ಇದ್ದದ್ದು.
ಅದರ ಬೆಳಕು ಒಂಬತ್ತೂವರೆ.
ಬರೆದೆ: ಒಂಬತ್ತೂವರೆಗಿಂತ ಮಸುಕು.

ಶಾಫ್ಟಿನ ಗಾಲಿ ತಿರುಗತೊಡಗಿತು.
ಟೀಚರಿಗೆ ಪೇಪರು ತಿದ್ದುವುದಿತ್ತು.
‘ನಾಳಿ ಎಷ್ಟಕ್ಕ?’ ಎಂದೆ.
‘ನಾಕೂವರಿಗೆ’ ಎಂದರು ಮೆಟ್ಟಿಲಿಳಿಯುತ್ತ,
‘ಚಂದ್ರ ಇರ್ತಾನ, ಇರ್ಲಿ.’